ಮೂಲದಲ್ಲಿಲ್ಲದ ಎರಡು ಸಾಲು

ಅಕ್ಟೋಬರ್ 5, ಭಾನುವಾರ

ಗಲ್ಫಿನ ಈ ಇಬ್ರಿಗೆ ಬಂದು ನಾಲ್ಕು ತಿಂಗಳು ಹತ್ತು ದಿನ. ಎಣಿಸಬಾರದು ಅಂದುಕೊಂಡರೂ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಆ ಸಂಖ್ಯೆ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತದೆ.

ಇವತ್ತು ಶ್ರೀನಿವಾಸಮೂರ್ತಿ ಸರ್ ಅವರ ಮೆಸೇಜ್ ಬಂತು. ಕೊಣಾಜೆಯಲ್ಲಿ ಎಂ.ಎ. ಓದುವಾಗ ನಮಗೆ ಅಮೆರಿಕದ ಕಾವ್ಯ ಕಲಿಸಿದವರು. ಎರಡು ವರ್ಷ ಅವರ ಕ್ಲಾಸಿನಲ್ಲಿ ನಾನು ಬಾಯಿ ತೆರೆದದ್ದು ಹಾಜರಿ ಹೇಳಲು ಮಾತ್ರ. ಆದರೂ ಹೆಸರು ನೆನಪಿಟ್ಟಿದ್ದಾರೆ. ಡೆಲಿಯಾ ಹ್ಯಾಸ್ಕೆಲ್ ಎಂಬ ಕವಿಯ ಹನ್ನೆರಡು ಕವಿತೆಗಳನ್ನು ಹಳೆಯ ವಿದ್ಯಾರ್ಥಿಗಳಿಂದ ಕನ್ನಡಕ್ಕೆ ಮಾಡಿಸಿ ಚಿಕ್ಕ ಪುಸ್ತಕ ತರುತ್ತಾರಂತೆ. ನನಗೆ ಒಂದು ಕವಿತೆ. ‘ಆಫಿಯಾ, ನಿನಗೆ ಇದೇ ಸರಿ’ ಎಂದು ಬರೆದಿದ್ದಾರೆ. ಯಾಕೆ ಸರಿ ಎಂದು ಬರೆದಿಲ್ಲ.

ಬೆಳಗಿನಿಂದ ಡೆಲಿಯಾಳ ಬಗ್ಗೆ ಓದಿದೆ. ಓಹಾಯೋದ ಒಂದು ಕಾರ್ಖಾನೆಯ ಊರು. ಗಂಡ ವಾರೆನ್‌ಗೆ ಮೊಳೆ, ಬಣ್ಣ, ತಗಡು ಮಾರುವ ಅಂಗಡಿ. ಇಪ್ಪತ್ತೆರಡಕ್ಕೆ ಮದುವೆ. ಇಪ್ಪತ್ತೊಂಬತ್ತಕ್ಕೆ ಮನಸ್ಸಿನ ಕಾಯಿಲೆಯೆಂದು ಐದು ತಿಂಗಳು ಆಸ್ಪತ್ರೆ. ಹೊರಗೆ ಬಂದವಳು ಇಸ್ತ್ರಿ ಮಾಡುವ ಹಲಗೆಯ ಮೇಲೆ ಕಾಗದ ಹರಡಿಕೊಂಡು ಬರೆಯತೊಡಗಿದಳು. ಬರೆದದ್ದೆಲ್ಲ ಮನೆಯೊಳಗಿನದೇ. ಗಂಡನ ಮೌನ, ತಾಯಿಯ ಸಿಟ್ಟು, ತಾನು ನುಂಗಿದ ಮಾತ್ರೆ. ತನ್ನದನ್ನು ತಾನೇ, ಬೇರೆಯವರ ಹೆಸರಿನ ಮರೆಗೆ ಹೋಗದೆ, ಹೇಳಿಬಿಡುವ ಕಾವ್ಯ ಎಂದು ಸರ್ ಕ್ಲಾಸಿನಲ್ಲಿ ವಿವರಿಸುತ್ತಿದ್ದರು. ಮೊದಲ ಪುಸ್ತಕ ಬಂದಾಗ ಅವಳ ತಾಯಿ ಎರಡು ವರ್ಷ ಮಾತು ಬಿಟ್ಟಳಂತೆ.

ಮನೆಯ ವಿಷಯವನ್ನು ಹೀಗೂ ಬೀದಿಗೆ ಇಡಬಹುದೇ.

ಸವಾದ್ ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿ ಬಂದರು. ಊಟ ಮಾಡಿ ಮಲಗಿದರು. ನಾಲ್ಕಕ್ಕೆ ಎದ್ದು ಹೋದರು. ಮದುವೆಯಾಗಿ ಒಂಬತ್ತು ತಿಂಗಳು. ಒಟ್ಟಿಗೆ ಇದ್ದದ್ದು ಊರಿನಲ್ಲಿ ನಲವತ್ತು ದಿನ, ಮತ್ತೆ ಇಲ್ಲಿಯ ಈ ನಾಲ್ಕು ತಿಂಗಳು. ಅವರ ಬಗ್ಗೆ ಬರೆಯಲು ಏನೂ ಇಲ್ಲ.

ಅಕ್ಟೋಬರ್ 9, ಗುರುವಾರ

ಸವಾದ್ ಊಟ ಮಾಡುತ್ತಾ ಕೇಳಿದರು, “ಎಂತ ಬರೆಯುವುದು ಇಡೀ ದಿನ?”

“ಏನಿಲ್ಲ. ಸರ್ ಕೊಟ್ಟ ಕೆಲಸ.”

“ಹಾಂ.”

ಅಷ್ಟೇ. ಮೀನು ತಿಂದು ಮುಗಿಸಿ ಮುಳ್ಳನ್ನು ತಟ್ಟೆಯ ಅಂಚಿಗೆ ಒಂದರ ಪಕ್ಕ ಒಂದು ಸಾಲಾಗಿ ಇಟ್ಟರು.

ವಾರೆನ್‌ನ ಅಂಗಡಿಗೆ ಬಂದವರು, “ಪುಸ್ತಕದಲ್ಲಿ ಇರುವುದು ನೀನೇ ಅಲ್ಲವಾ?” ಎಂದು ಕೇಳುತ್ತಿದ್ದರಂತೆ. ಅವನು “ಮೊಳೆ ಎಷ್ಟು ಬೇಕು?” ಎನ್ನುತ್ತಿದ್ದನಂತೆ. ಅವನಿಗೆ ಅವಮಾನವಾಗುತ್ತಿತ್ತೋ ಇಲ್ಲವೋ ಯಾರೂ ಬರೆದಿಲ್ಲ. ಎಲ್ಲ ಜೀವನಚರಿತ್ರೆಗಳೂ ಅವಳದ್ದೇ.

ಅಕ್ಟೋಬರ್ 12, ಭಾನುವಾರ

ಮೇಲಿನ ಮಹಡಿಯ ಜೊವಿಟಾ ಬಂದಿದ್ದಳು. ಉಡುಪಿಯವಳು, ಇಲ್ಲಿ ನರ್ಸ್. ಅವಳ ಗಂಡ ಆಸ್ವಾಲ್ಡ್ ನಿಜ್ವಾದಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಾನೆ. ನೈಟ್ ಡ್ಯೂಟಿ ಮುಗಿಸಿದ ದಿನ ಅವಳಿಗೆ ನಿದ್ದೆ ಬರುವುದಿಲ್ಲ, ಮಾತು ಬರುತ್ತದೆ.

“ನಿನ್ನ ಗಂಡ ಒಳ್ಳೆಯವನು ಮಾರಾಯ್ತಿ, ನಾನು ಇಲ್ಲ ಅನ್ನುವುದಿಲ್ಲ. ಆದ್ರೆ ನಿಮ್ಮ ಮನೆಯಲ್ಲಿ ಮಾತಾಡುವುದು ಫ್ರಿಜ್ ಒಂದೇ. ನನ್ನ ಆಸ್ವಾಲ್ಡನನ್ನು ನೋಡು, ವಾರಕ್ಕೊಮ್ಮೆ ಬಂದು ಆರು ದಿನದ ಜಗಳ ಒಂದೇ ದಿನದಲ್ಲಿ ಮುಗಿಸಿ ಹೋಗ್ತಾನೆ.”

“ನಮ್ಮಲ್ಲಿ ಜಗಳ ಇಲ್ಲ ಜೊವಿ.”

“ಅದೇ ಹೇಳಿದ್ದು.”

ಅವಳು ಹೋದ ಮೇಲೆ ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಎದುರಿಗೆ ಟಯರ್ ಅಂಗಡಿ, ಅದರಾಚೆ ಖಾಲಿ ಜಾಗ, ಅದರಾಚೆ ಬೂದಿಬಣ್ಣದ ಗುಡ್ಡ. ಗುಡ್ಡದಲ್ಲಿ ಒಂದು ಎಲೆಯೂ ಇಲ್ಲ. ಫರಂಗಿಪೇಟೆಯ ನಮ್ಮ ಮನೆಯ ಹಿಂದೆ ರೈಲು ಹೋಗುವಾಗ ಪಾತ್ರೆಯ ಸ್ಟ್ಯಾಂಡಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಚಿಕ್ಕವಳಿದ್ದಾಗ ಅದಕ್ಕೆ ಬೈಯುತ್ತಿದ್ದೆ. ಈಗ ಆ ಸದ್ದಿಗಾಗಿ ಕಿವಿ ನೋಯುತ್ತದೆ. ಹೋಗಬೇಕು. ಯಾರಾದರೂ ‘ಹೋಗು’ ಎಂದರೆ ಈಗಲೇ ಚಪ್ಪಲಿ ಹಾಕುತ್ತೇನೆ.

ಅಕ್ಟೋಬರ್ 17, ಶುಕ್ರವಾರ

ಜುಮಾ ಮುಗಿಸಿ ಎಂದಿನಂತೆ ಕುಂಞಾಲಿ ಮಾಮನ ಮನೆಯಲ್ಲಿ ಊಟ. ಸವಾದ್‌ನ ತಾಯಿಯ ಅಣ್ಣ. ಸವಾದ್ ಕೆಲಸ ಮಾಡುವ, ಇಲ್ಲಿಯ ಗಂಡಸರ ನಿಲುವಂಗಿ ದಿಶ್ದಾಶದ ಬಟ್ಟೆ ಮಾರುವ ಅಂಗಡಿ ಅವರದ್ದು, ಸವಾದ್‌ನನ್ನು ಹತ್ತೊಂಬತ್ತಕ್ಕೆ ಇಲ್ಲಿಗೆ ಕರೆತಂದವರು ಅವರು, ನಮ್ಮ ಮನೆಗೆ ಬಂದು ಬಾಪನ ಹತ್ತಿರ ನನ್ನನ್ನು ಕೇಳಿದವರೂ ಅವರೇ. ಅವರು ಒಂದು ಮಾತು ಹೇಳಿದರೆ ಎಲ್ಲರಿಗೂ ಖಲಾಸ್, ಅಲ್ಲಿಗೆ ಮುಗಿಯಿತು.

ಗಂಡಸರು ಹಾಲಿನಲ್ಲಿ ದೊಡ್ಡ ತಟ್ಟೆಯ ಸುತ್ತ, ನಾವು ಒಳಗೆ. ಆಸಿಯಮ್ಮ ಮಾಮಿ ತುಪ್ಪದ ಅನ್ನದ ಪಾತ್ರೆಯ ಎದುರು ಕೂತು ನನಗೆ ಬಡಿಸುತ್ತಾ ಇಬ್ರಿಯ ಎಲ್ಲ ಮನೆಗಳ ಸುದ್ದಿ ಹೇಳಿದರು. ನಾನು ತಲೆ ಆಡಿಸಿದೆ. ಕೊನೆಗೆ ಮಾಮಿ, “ನಿನ್ನ ಹತ್ತಿರ ಮಾತಾಡಿದರೆ ಗುಟ್ಟು ಹೊರಗೆ ಹೋಗುವುದಿಲ್ಲ, ಬಾವಿಗೆ ಹೇಳಿದ ಹಾಗೆ” ಅಂದರು. ಹೊಗಳಿದ್ದೋ ಬೈದದ್ದೋ.

ಮನೆಯವರಿಗೆಲ್ಲ ಒಂದು ವಾಟ್ಸಾಪ್ ಗುಂಪು ಉಂಟು. ‘ಸವಾದ್ ಉಮ್ಮ ಫ್ಯಾಮಿಲಿ’ ಎಂದು ಹೆಸರು. ಊರು, ಬರ್ಕಾ, ಮಸ್ಕತ್, ದುಬೈ ಎಲ್ಲ ಸೇರಿ ಮೂವತ್ತೊಂದು ಜನ. ಮೊದಲೆಲ್ಲ ಗಲ್ಫಿನಿಂದ ಊರಿಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದರಂತೆ, ಈಗ ಅದರಲ್ಲಿ ಧ್ವನಿ ಕಳಿಸುತ್ತಾರೆ. ಬರೆಯುವುದು ಯಾರಿಗೂ ಆಗುವುದಿಲ್ಲ. ನಾನೊಬ್ಬಳು ಅದರಲ್ಲಿ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ.

ಅಕ್ಟೋಬರ್ 20, ಸೋಮವಾರ

ಕವಿತೆ ಮುಗಿಯಿತು. ಆರು ಸಲ ತಿದ್ದಿದೆ. ಸರ್ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡಿದ್ದಾರೆ, ಒಂದು ತಿಂಗಳು ಓದುವ ಹಾಗಿಲ್ಲ. ಆದ್ದರಿಂದ ಧ್ವನಿಯಲ್ಲಿ ಕಳಿಸಬೇಕಂತೆ. “ಕವಿಗೋಷ್ಠಿಯ ರಾಗ ಬೇಡ. ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಓದು. ಈ ಕವಿತೆಗೆ ಹೆಸರಿಲ್ಲ, ಆರಂಭ ಅಂತ ಪ್ರತ್ಯೇಕ ಇಲ್ಲ, ಮಾತು ಶುರುವಾದ ಹಾಗೆ ಶುರುವಾಗಬೇಕು” ಎಂದರು.

ಇಲ್ಲಿ ಬರೆದಿಡುತ್ತೇನೆ.

ಈ ಮನೆಗೆ ನಾನು ಬಂದದ್ದಲ್ಲ, ನನ್ನನ್ನು ತಂದು ಇಟ್ಟರು.
ಇಟ್ಟ ಜಾಗದಲ್ಲಿ ಇದ್ದೇನೆ.
ಅವನು ಒಳ್ಳೆಯವನು. ಅದೇ ನನ್ನ ತೊಂದರೆ,
ಯಾರ ಹತ್ತಿರವೂ ದೂರು ಹೇಳಲಾಗುವುದಿಲ್ಲ.
ಬಂದು ಚಾವಿಗೊಂಚಲನ್ನು ಮೇಜಿನ ಮೇಲೆ ಇಡುತ್ತಾನೆ.
ಆ ಸದ್ದಿಗೆ ನನ್ನೊಳಗೆ ಒಂದು ಕೋಣೆ ದೀಪ ಆರಿಸಿಕೊಳ್ಳುತ್ತದೆ.
ಊಟಕ್ಕೆ ಕೂತಾಗ ಅವನ ಕೈಯನ್ನೇ ನೋಡುತ್ತೇನೆ.
ಆ ಕೈಯ ಪರಿಚಯವನ್ನು ಯಾರಾದರೂ ನನಗೆ ಮಾಡಿಸಬಾರದೇ.
ಕಿಟಕಿಯ ಹೊರಗೆ ರಸ್ತೆ ಉಂಟು, ರಸ್ತೆಗೆ ಕೊನೆ ಉಂಟು ಅನ್ನುತ್ತಾರೆ.
ಇನ್ನು ಎಷ್ಟು ದಿನ ಎಂದು ಗೋಡೆಯನ್ನು ಕೇಳುತ್ತೇನೆ.
ಗೋಡೆ ಒಳ್ಳೆಯದು. ಸುಳ್ಳು ಹೇಳುವುದಿಲ್ಲ.

ಇನ್ನೂ ಸ್ವಲ್ಪ ಉಂಟು. ಓದಿದರೆ ಎರಡು ನಿಮಿಷ ಹತ್ತು ಸೆಕೆಂಡು. ನನ್ನ ಧ್ವನಿಯನ್ನು ನಾನೇ ಕೇಳಿ ಫೋನ್ ಮಗುಚಿ ಇಟ್ಟೆ. ನಾಳೆ ಕಳಿಸುತ್ತೇನೆ.

ಅಕ್ಟೋಬರ್ 22, ಬುಧವಾರ

ನಿನ್ನೆ ಕಳಿಸಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಸರ್‌ಗೆ ಕಳಿಸಲು ಹೋದೆ. ಪಟ್ಟಿಯಲ್ಲಿ ಮೇಲೆ ಅವರ ಹೆಸರು ಇತ್ತು. ಬೆರಳು ಇಡುವಷ್ಟರಲ್ಲಿ ಗುಂಪಿಗೆ ಯಾರದ್ದೋ ಮೆಸೇಜ್ ಬಂದು ಅದು ಮೇಲೆ ಬಂತು, ಸರ್ ಕೆಳಗೆ ಇಳಿದರು. ನಾನು ನೋಡಲಿಲ್ಲ. ಕಳಿಸಿ, ಫೋನ್ ಚಾರ್ಜಿಗೆ ಇಟ್ಟು ಬಟ್ಟೆ ಒಗೆಯಲು ಹೋದೆ.

ತಿರುಗಿ ಬಂದಾಗ ಹದಿನಾಲ್ಕು ಮಿಸ್ಡ್ ಕಾಲ್. ಗುಂಪಿನಲ್ಲಿ ಇಪ್ಪತ್ತಾರು ಧ್ವನಿಗಳು. ಅಳಿಸಿ ಪ್ರಯೋಜನವಿರಲಿಲ್ಲ, ಮಾಮಿ ಅದನ್ನು ಆಗಲೇ ನಾಲ್ಕು ಕಡೆ ಕಳಿಸಿ ಆಗಿತ್ತು. ಸವಾದ್‌ನ ತಂಗಿ ಹಸೀಬಾ ಬರ್ಕಾದಿಂದ, “ಅತ್ತಿಗೆ, ಅಳಬೇಡಿ, ಇಲ್ಲಿಗೆ ಬನ್ನಿ, ಇಲ್ಲಿ ಸಮುದ್ರವಾದರೂ ಉಂಟು” ಎಂದಿದ್ದಳು. ದುಬೈಯ ಒಬ್ಬ ಹಿರಿಯರು ಓದಬೇಕಾದ ದುವಾ ಕಳಿಸಿದ್ದರು. ಊರಿನಿಂದ ಅತ್ತೆ, “ಎರಡು ನಿಮಿಷ ಹೇಳಿದ್ದಾಳೆ ಅಂದರೆ ಎಷ್ಟು ದಿನದಿಂದ ನುಂಗಿಕೊಂಡಿದ್ದಾಳೋ” ಎಂದು ಅತ್ತಿದ್ದರು. ಮನೆಮಾತು ಬ್ಯಾರಿ ಬಿಟ್ಟು ಕನ್ನಡದಲ್ಲಿ ಯಾಕೆ ಹೇಳಿದ್ದು ಎಂದು ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು, ಓದಿದ ಹುಡುಗಿ, ಬೇಸರವೂ ಅವಳಿಗೆ ಕನ್ನಡದಲ್ಲೇ ಬರುತ್ತದೆ ಎಂದಿದ್ದರು.

ಮಾಮಿಗೆ ಫೋನ್ ಮಾಡಿದೆ. “ಮಾಮಿ, ಅದು ಕವಿತೆ. ಅಮೆರಿಕದ ಒಬ್ಬ ಹೆಂಗಸು ಬರೆದದ್ದು. ನಾನು ಓದಿದ್ದು ಅಷ್ಟೇ.”

“ಅಮೆರಿಕದ ಹೆಂಗಸಿಗೆ ನಮ್ಮ ಸವಾದ್ ಚಾವಿ ಎಲ್ಲಿ ಇಡುತ್ತಾನೆ ಅಂತ ಹೇಗೆ ಗೊತ್ತು ಮಗಳೇ?”

“ಎಲ್ಲರೂ ಮೇಜಿನ ಮೇಲೇ ಇಡುವುದಲ್ಲವಾ ಮಾಮಿ.”

“ನನ್ನ ಹತ್ತಿರ ಮುಚ್ಚಿಡಬೇಡ. ನಾನು ಸಹ ಇಪ್ಪತ್ತೆರಡಕ್ಕೆ ಇಲ್ಲಿಗೆ ಬಂದವಳು. ಆಗ ಈ ಊರಲ್ಲಿ ಮಾತಾಡಲಿಕ್ಕೆ ಒಂದು ಹೆಂಗಸು ಇರಲಿಲ್ಲ.”

ಆಮೇಲೆ ಮಾಮಿಯೇ ಅಳತೊಡಗಿದರು. ನಾನು ಸಮಾಧಾನ ಮಾಡಬೇಕಾಯಿತು.

ಸವಾದ್ ಒಂದು ಗಂಟೆಗೆ ಬಂದರು. ಚಾವಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಊಟಕ್ಕೆ ಕೂತರು. “ಅದು ಸರ್‌ಗೆ ಕಳಿಸಬೇಕಾದದ್ದು” ಎಂದೆ. “ಮಾಮಿ ಹೇಳಿದರು” ಎಂದರು. ಕೈಗಳನ್ನು ಎಲ್ಲಿ ಇಡಬೇಕು ಎಂದು ತಿಳಿಯದವರ ಹಾಗೆ ಒಂದು ಕೈ ಮಡಿಲಲ್ಲಿ ಇಟ್ಟು ಬೇಗ ಬೇಗ ಉಂಡರು.

ಅಕ್ಟೋಬರ್ 24, ಶುಕ್ರವಾರ

ತೀರ್ಮಾನವಾಯಿತು. ನವೆಂಬರ್ 8, ಶನಿವಾರ, ಮಸ್ಕತ್‌ನಿಂದ ಮಂಗಳೂರಿಗೆ.

ಮಾಮ ಸಿಟ್ಟಿನಿಂದ ಹೇಳಲಿಲ್ಲ. ಒಳಗಿನ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು ಹೇಳಿದರು. “ಕವಿತೆ ಇರಬಹುದು ಮಗಳೇ, ನನಗೆ ಕವಿತೆ ಗೊತ್ತಿಲ್ಲ. ಆದರೆ ದುಃಖ ಇಲ್ಲದ ಬಾಯಲ್ಲಿ ಆ ಧ್ವನಿ ಬರುವುದಿಲ್ಲ. ನೀನು ಇನ್ನೊಬ್ಬರ ಮಗಳು. ನಿನ್ನನ್ನು ಕೇಳಿ ತಂದವನು ನಾನು. ಏನಾದರೂ ಆದರೆ ನಿನ್ನ ಬಾಪನ ಎದುರು ನಾನು ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಊರಿಗೆ ಹೋಗು. ಆರಾಮಾಗಿ ಇರು.”

“ಮತ್ತೆ ಯಾವಾಗ ಬರುವುದು?” ಎಂದು ಮಾಮಿ ಕೇಳಿದರು.

“ಅದು ಆಮೇಲಿನ ಮಾತು. ಆರು ತಿಂಗಳು ಹೊರಗೆ ಉಳಿದರೆ ವೀಸಾ ಹೋಗುತ್ತದೆ, ಹೋದರೆ ಹೋಗಲಿ. ಸವಾದ್ ಬೇಕಾದರೆ ಅಂಗಡಿಯ ಹುಡುಗರ ರೂಮಿನಲ್ಲಿ ಇರುತ್ತಾನೆ. ಎರಡು ವರ್ಷಕ್ಕೊಮ್ಮೆ ರಜೆ ಉಂಟಲ್ಲ. ನಾವೆಲ್ಲ ಹಾಗೆಯೇ ಸಂಸಾರ ಮಾಡಿದ್ದು.”

ಹಾಲಿನಿಂದ ಸವಾದ್‌ನನ್ನು ಕರೆದು ಕೇಳಿದರು. ಅವರು ನೆಲ ನೋಡುತ್ತಾ, “ಅವಳಿಗೆ ಹೇಗೆ ಬೇಕೋ ಹಾಗೆ” ಎಂದರು. ಎಲ್ಲರೂ ನನ್ನನ್ನು ನೋಡಿದರು. ನಾನು ತಲೆ ಆಡಿಸಿದೆ.

ನಾನು ಕೇಳಿಕೊಂಡದ್ದೇ ಸಿಕ್ಕಿತು. ಹದಿನೈದು ದಿನದಲ್ಲಿ ಫರಂಗಿಪೇಟೆ. ಬಾಪನಿಗೆ ಫೋನ್ ಮಾಡಿ ಹೇಳಿದೆ. “ಬಾ, ಬಾ” ಎಂದರು.

ಅಕ್ಟೋಬರ್ 27, ಸೋಮವಾರ

ಸರಿಯಾದ ಜಾಗಕ್ಕೆ ಕಳಿಸಿದ ಕವಿತೆಗೆ ಸರ್ ಅವರ ಉತ್ತರ ಬಂತು. ಚೆನ್ನಾಗಿದೆಯಂತೆ. ನನ್ನಲ್ಲಿ ಇಷ್ಟು ಧ್ವನಿ ಇರುವುದು ಎರಡು ವರ್ಷ ತಿಳಿಯಲಿಲ್ಲವಂತೆ. ಕೊನೆಗೆ, “ಆ ಕವಿತೆ ನನಗೆ ಬಾಯಿಪಾಠ ಆಫಿಯಾ. ಊಟಕ್ಕೆ ಕೂತಾಗ ಕೈ ನೋಡುವ ಎರಡು ಸಾಲು ಮೂಲದಲ್ಲಿ ಇಲ್ಲವಲ್ಲ. ಡೆಲಿಯಾ ಚಾವಿಯಿಂದ ನೇರ ಕಿಟಕಿಗೆ ಹೋಗುತ್ತಾಳೆ. ಬೇರೆ ಆವೃತ್ತಿ ಏನಾದರೂ ನೋಡಿದೆಯಾ?” ಎಂದಿದ್ದಾರೆ.

ಮೂಲ ತೆಗೆದು ನೋಡಿದೆ. ನಿಜ, ಇಲ್ಲ. ನನ್ನ ನೋಟ್‌ಪುಸ್ತಕದಲ್ಲಿ ಮೊದಲ ಕರಡಿನಲ್ಲೂ ಇಲ್ಲ, ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಯಾವ ತಿದ್ದುಪಾಟೂ ಇಲ್ಲದೆ, ಅಲ್ಲೇ ಹುಟ್ಟಿದ ಹಾಗೆ ಉಂಟು. ಹೇಗೆ ಬಂತೋ. ಅನುವಾದ ಮಾಡುವವರು ಹೀಗೆ ಮಾಡಬಾರದು. ತೆಗೆದುಹಾಕಬೇಕು.

ಇವತ್ತು ಸುಸ್ತಾಗಿದೆ, ನಾಳೆ ತೆಗೆಯುತ್ತೇನೆ.

ಅಕ್ಟೋಬರ್ 30, ಗುರುವಾರ

ಮಧ್ಯಾಹ್ನ ಸವಾದ್ ಮಲಗಿದ್ದರು. ಬಾಗಿಲು ಅರ್ಧ ತೆರೆದಿತ್ತು. ಕಿಟಕಿಯ ಬೆಳಕು ಮುಖಕ್ಕೆ ಬೀಳುತ್ತಿತ್ತು, ಪರದೆ ಎಳೆಯಲು ಹೋದೆ. ಇಡೀ ದಿನ ಬಟ್ಟೆ ಅಳೆದು ಅಳೆದು ಅವರ ಬಲಗೈಯ ಹೆಬ್ಬೆರಳಿನ ಪಕ್ಕ ಚರ್ಮ ಗಟ್ಟಿಯಾಗಿದೆ. ಎಡ ಮಣಿಕಟ್ಟಿನಲ್ಲಿ ಒಂದು ಹಳೆಯ ಗಾಯ, ಅಕ್ಕಿ ಕಾಳಿನಷ್ಟು. ಯಾವಾಗ ಆದದ್ದು ಎಂದು ಕೇಳಿಲ್ಲ. ಪರದೆ ಎಳೆದು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆಮೇಲೆ ಅಡುಗೆಮನೆಗೆ ಬಂದು ಏನು ಮಾಡಲು ಬಂದೆ ಎಂದು ಮರೆತೆ.

ನಾಲ್ಕಕ್ಕೆ ಎದ್ದು ಅವರೇ ಟೀ ಮಾಡಿದರು. ದಿನವೂ ಅವರೇ ಮಾಡುವುದು, ನನಗೊಂದು ಲೋಟ ಮುಚ್ಚಿಟ್ಟು ಹೋಗುವುದು. ಇಷ್ಟು ದಿನ ಅದನ್ನು ಇಲ್ಲಿ ಬರೆದಿರಲಿಲ್ಲ. ಅದಕ್ಕೆ ಏಲಕ್ಕಿಯ ಸಿಪ್ಪೆಯನ್ನೂ ಹಾಕುತ್ತಾರೆ.

ಡೆಲಿಯಾಳ ಒಂದು ಸಂದರ್ಶನ ಸಿಕ್ಕಿತು. ಎಪ್ಪತ್ತು ದಾಟಿದ ಮೇಲೆ ಕೊಟ್ಟದ್ದು. ಅಷ್ಟೆಲ್ಲ ಬರೆದರೂ ಆ ಮನೆಯನ್ನು ಯಾಕೆ ಬಿಡಲಿಲ್ಲ ಎಂದು ಕೇಳಿದ್ದಕ್ಕೆ, “ಬಿಡದೆ ಇರಲಿಕ್ಕೇ ಬರೆದದ್ದು” ಎಂದಿದ್ದಾಳೆ. ಆ ಮನೆಯಲ್ಲೇ ನಲವತ್ತೊಂದು ವರ್ಷ. ಇದನ್ನು ಗುಂಪಿಗೆ ಯಾರೂ ಕಳಿಸುವುದಿಲ್ಲ.

ನವೆಂಬರ್ 2, ಭಾನುವಾರ

ಜೊವಿಟಾ ಕೇಳಿದಳು, “ಖುಷಿಯಾ?”

“ಹೂಂ.”

“ಹಾಗಾದರೆ ಯಾಕೆ ಮೂರು ದಿನದಿಂದ ಒಂದೇ ಚೂಡಿದಾರ್ ಮಡಚುತ್ತಾ ಇದ್ದಿ?”

ಅವಳು ಅದನ್ನು ನನ್ನ ಕೈಯಿಂದ ತೆಗೆದು ಸೂಟ್‌ಕೇಸಿನೊಳಗೆ ಎಸೆದಳು. “ನೋಡು, ಆಸ್ಪತ್ರೆಯಲ್ಲಿ ಕೆಲವು ಪೇಷಂಟ್‌ಗಳು ಉಂಟು. ನೋವು ಎಲ್ಲಿ ಅಂದರೆ ಎಲ್ಲೂ ಇಲ್ಲ ಅಂತಾರೆ. ಡಿಸ್ಚಾರ್ಜ್ ಶೀಟ್ ಕೈಗೆ ಬಂದ ಮೇಲೆ ಬಾಯಿ ಬಿಡ್ತಾರೆ. ನಮಗೆ ಬರುವ ಸಿಟ್ಟು ದೇವರಿಗೇ ಗೊತ್ತು.”

ಸವಾದ್ ಮಧ್ಯಾಹ್ನ ಬರುವಾಗ ಊರಿಗೆ ಕೊಂಡುಹೋಗಲು ಬಾದಾಮಿ, ಹಾಲಿನ ಪುಡಿ, ನನ್ನ ಬಾಪನಿಗೆ ನೋವಿನ ಎಣ್ಣೆ ತಂದರು. ಬಾಪನಿಗೆ ಮೊಣಕಾಲು ನೋವು ಎಂದು ನಾನು ಹೇಳಿದ್ದು ಯಾವಾಗಲೋ ಒಮ್ಮೆ.

ನವೆಂಬರ್ 5, ಬುಧವಾರ

ಇವತ್ತು ಪೆಟ್ಟಿಗೆ ಕಟ್ಟಿದ ದಿನ.

ಇಲ್ಲಿಯ ಗಂಡಸರಿಗೆಲ್ಲ ರಟ್ಟಿನ ಪೆಟ್ಟಿಗೆ ಕಟ್ಟುವುದು ಗೊತ್ತು. ಸವಾದ್ ಊಟವಾದ ಮೇಲೆ ಮಲಗಲಿಲ್ಲ. ನೆಲದ ಮೇಲೆ ಕೂತು ಟೇಪು ಸುತ್ತಿದರು, ನೈಲಾನ್ ಹಗ್ಗವನ್ನು ಎರಡು ಕಡೆಯಿಂದ ಎಳೆದು ಮೊಣಕಾಲಿನಿಂದ ಒತ್ತಿ ಗಂಟು ಹಾಕಿದರು, ಕೈ ತಕ್ಕಡಿಗೆ ಸಿಕ್ಕಿಸಿ ಎತ್ತಿ ತೂಕ ನೋಡಿದರು. ಮೂವತ್ತಕ್ಕೆ ಅರ್ಧ ಕಿಲೋ ಕಡಿಮೆ. ಆಮೇಲೆ ದಪ್ಪ ಮಾರ್ಕರ್ ತೆಗೆದ ಮೇಲೆ ಕೈ ನಿಂತಿತು.

“ಯಾವ ಅಡ್ರೆಸ್ ಬರೆಯಲಿ? ನಿನ್ನ ಬಾಪನ ಮನೆಯದಾ, ನಮ್ಮ ಮನೆಯದಾ?”

ಪೆಟ್ಟಿಗೆಯ ಮೇಲೆ ಗಂಡನ ಮನೆಯ ವಿಳಾಸ ಇದ್ದರೆ ಹೆಂಡತಿ ರಜೆಗೆ ಬಂದವಳು. ತಂದೆಯ ಮನೆಯದಿದ್ದರೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವವರಿಗೂ ವಿಷಯ ತಿಳಿಯುತ್ತದೆ. ಸವಾದ್ ನನ್ನನ್ನು ನೋಡದೆ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

“ಒಂದು ವಿಷಯ ಹೇಳಬೇಕು. ಆ ಕವಿತೆಯಲ್ಲಿ ಎರಡು ಸಾಲು ಅವಳದ್ದಲ್ಲ. ನನ್ನದು.”

“ಕೈಯದ್ದಾ?”

ನಾನು ಗೋಡೆಗೆ ಒರಗಿದೆ. “ಹೇಗೆ ಗೊತ್ತು?”

“ಅಲ್ಲಿ ಬರುವಾಗ ನಿನ್ನ ಧ್ವನಿ ಸಣ್ಣ ಆಗುತ್ತದೆ.” ಮಾರ್ಕರಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. “ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೇಳುವುದು. ಎರಡು ನಿಮಿಷ ಹತ್ತು ಸೆಕೆಂಡು. ಅಷ್ಟು ಹೊತ್ತು ನಿಲ್ಲಿಸದೆ ನೀನು ಮಾತಾಡಿದ್ದನ್ನು ನಾನು ಬೇರೆ ಎಲ್ಲೂ ಕೇಳಲಿಲ್ಲ. ಬೈದದ್ದಾದರೂ ಪರವಾಗಿಲ್ಲ ಅಂತ ಕೇಳುತ್ತಿದ್ದೆ.”

“ಬೈದದ್ದಲ್ಲ.”

“ಉಳಿದದ್ದು ಅವಳದ್ದೇನಾ?”

ಹೌದು ಎಂದುಬಿಡಬಹುದಿತ್ತು. ಹದಿನಾಲ್ಕು ದಿನದಿಂದ ಎಲ್ಲರಿಗೂ ಅದನ್ನೇ ಹೇಳುತ್ತಾ ಬಂದವಳು ನಾನು.

“ಬರೆದದ್ದು ಅವಳು. ಓದುವಾಗ ನನಗೂ ಹೌದು ಅನಿಸಿತ್ತು. ತಂದು ಇಟ್ಟ ಹಾಗೆಯೇ ಇದ್ದೆ. ಚಾವಿಯ ಸದ್ದೂ ಹೌದು.”

ಅವರು ತುಂಬ ಯೋಚಿಸಿದರು. ಆಮೇಲೆ ಹೇಳಿದರು, “ಹಾಗಾದರೆ ಬಾಗಿಲ ಹತ್ತಿರ ಒಂದು ಮೊಳೆ ಹೊಡೆಯುತ್ತೇನೆ. ಚಾವಿ ತೂಗುಹಾಕಿದರೆ ಸದ್ದು ಆಗುವುದಿಲ್ಲ.”

ನನಗೆ ನಗು ಬಂತು. ನಿಲ್ಲಿಸಲಾಗಲಿಲ್ಲ. ಮೊದಲು ಅವರಿಗೆ ಗಾಬರಿಯಾಯಿತು, ಆಮೇಲೆ ಅವರೂ ನಕ್ಕರು. ಅವರ ಎಡಗಡೆಯ ಒಂದು ಹಲ್ಲು ಸ್ವಲ್ಪ ಒಳಗೆ ಉಂಟು.

“ಹೋಗಬೇಕು ಅಂತ ಉಂಟಾ?” ಎಂದು ಕೇಳಿದರು.

“ಊರಿಗೆ ಹೋಗಬೇಕು ಅಂತ ದಿನಾ ಉಂಟು. ಆದರೆ ಹೀಗೆ ಅಲ್ಲ.”

“ಇದನ್ನು ಮಾಮನಿಗೆ ನಾನು ಹೇಳಿದರೆ, ಹೆಂಡತಿಯನ್ನು ಬಿಟ್ಟಿರಲಾಗದೆ ಹೇಳುತ್ತಾನೆ ಅಂತಾರೆ. ಹತ್ತು ವರ್ಷದಿಂದ ಅವರ ಎದುರು ನಾನು ಬೇಡ ಅಂದವನಲ್ಲ. ಈಗ ಅಂದರೂ ಅವರಿಗೆ ಕೇಳಿಸುವುದಿಲ್ಲ. ಅವರು ಹೆದರಿರುವುದು ನಿನ್ನ ಧ್ವನಿಗೆ. ಆ ಧ್ವನಿಯೇ ಹೇಳಬೇಕು.”

ನಾಲ್ಕಾಯಿತು. ಅಂಗಡಿಗೆ ಹೋದರು. ಪೆಟ್ಟಿಗೆಯ ಮೇಲೆ ನನ್ನ ಹೆಸರು ಮಾತ್ರ ಬರೆದಿದ್ದಾರೆ.

ನವೆಂಬರ್ 6, ಗುರುವಾರ

ನನ್ನಿಂದ ಆಗುವುದಿಲ್ಲ. ಗಂಡಸರು ಕೂತ ಮಾಮನ ಮನೆಯ ಹಾಲಿಗೆ ನಾನು ಕಾಲಿಟ್ಟದ್ದೇ ಇಲ್ಲ.

ನವೆಂಬರ್ 7, ಶುಕ್ರವಾರ

ಹೇಳಿದೆ.

ಊಟದ ಹೊತ್ತು. ಹಾಲಿನಲ್ಲಿ ಗಂಡಸರು ಎಂಟು ಜನ. ಮಾಮಿ ಅಕ್ಕಿರೊಟ್ಟಿಯ ಹಾಗಿನ ಪತ್ತಿರಿಯ ತಟ್ಟೆಯನ್ನು ಬಾಗಿಲವರೆಗೆ ಕೊಂಡುಹೋಗಿ ಅಲ್ಲಿಂದ ದಾಟಿಸುವುದು ಕ್ರಮ. ಇವತ್ತು ನಾನು ತೆಗೆದುಕೊಂಡು ಬಾಗಿಲಲ್ಲಿ ನಿಂತೆ. ಹೊಸ್ತಿಲು ದಾಟಲು ಕಾಲು ಬರಲಿಲ್ಲ. ನಿಂತಲ್ಲಿಂದಲೇ “ಮಾಮ” ಎಂದೆ.

ಎಂಟು ಕೈಗಳೂ ತಟ್ಟೆಯ ಮೇಲೆ ನಿಂತವು.

“ಮಾಮ, ನಾನು ನಾಳೆ ಹೋಗುವುದಿಲ್ಲ. ಆ ದಿನ ಓದಿದ್ದು ಕವಿತೆ. ಆದರೆ ನೀವು ಹೇಳಿದ್ದೂ ಸರಿ. ನನಗೆ ಬೇಸರ ಇತ್ತು. ಈಗಲೂ ಉಂಟು. ಊರು ನೆನಪಾಗುತ್ತದೆ. ಆದರೆ ಅದಕ್ಕೆ ಮದ್ದು ಇವರನ್ನು ಹುಡುಗರ ರೂಮಿಗೆ ಕಳಿಸುವುದಲ್ಲ. ನಮಗೆ ಪರಿಚಯ ಆಗುವುದು ಈಗಷ್ಟೇ ಶುರುವಾಗಿದೆ.”

ಕೊನೆಯ ಮಾತು ಯಾಕೆ ಹೇಳಿದೆನೋ. ಯಾರೋ ಕೆಮ್ಮಿದರು. ಸವಾದ್‌ನ ಕಿವಿ ಕೆಂಪಾಯಿತು. ಮಾಮ ಅನ್ನವನ್ನು ನಿಧಾನವಾಗಿ ಕಲಸಿದರು, ಒಂದು ತುತ್ತು ತಿಂದರು, ನೀರು ಕುಡಿದರು.

“ಟಿಕೆಟ್ ಕ್ಯಾನ್ಸಲ್ ಮಾಡಿದರೆ ಏನೂ ಸಿಗುವುದಿಲ್ಲ. ತಾರೀಖು ಬದಲಿಸಬಹುದು. ಯಾವ ತಾರೀಖಿಗೆ ಮಾಡಿಸಲಿ?”

“ಇವರಿಗೆ ರಜೆ ಸಿಕ್ಕಿದ ತಾರೀಖಿಗೆ” ಎಂದೆ.

ರಜೆ ಕೊಡಬೇಕಾದವರು ಮಾಮನೇ. ಸವಾದ್‌ನ ಎರಡು ವರ್ಷ ತುಂಬಲು ಇನ್ನೂ ತುಂಬ ದಿನ ಉಂಟು. ಅದು ನನ್ನ ಬಾಯಿಂದ ಹೊರಟ ಮೇಲೆ ನನಗೇ ಹೊಳೆಯಿತು. ಒಳಗಿನಿಂದ ಮಾಮಿ, “ಬಾವಿ ಅಂದಿದ್ದೆ, ನೋಡಿ” ಎಂದು ಯಾರಿಗೋ ಹೇಳಿದ್ದು ಕೇಳಿಸಿತು.

ಮಾಮ ಸವಾದ್‌ನ ಕಡೆ ತಿರುಗಿದರು. “ಇದನ್ನು ನೀನು ಹೇಳಿಕೊಟ್ಟದ್ದಾ?”

“ಇಲ್ಲ ಮಾಮ. ನನಗೂ ಈಗಲೇ ಗೊತ್ತಾದದ್ದು.”

“ನಿನಗೆ ಗೊತ್ತಿದ್ದರೆ ನೀನು ಹೇಳುತ್ತಲೂ ಇರಲಿಲ್ಲ” ಎಂದು ಮಾಮ ಮತ್ತೆ ತಟ್ಟೆಗೆ ಕೈ ಹಾಕಿದರು. “ಮೇ ಕೊನೆಗೆ ಬಕ್ರೀದ್. ಇಬ್ಬರೂ ಹೋಗಿ ಬನ್ನಿ. ಇಪ್ಪತ್ತು ದಿನ. ಇಪ್ಪತ್ತೊಂದು ಆಗಬಾರದು. ಪತ್ತಿರಿ ತಣ್ಣಗಾಗುತ್ತದೆ, ಇಲ್ಲಿ ಕೊಡು.”

ಹೊಸ್ತಿಲು ದಾಟಿ ಹಾಲಿಗೆ ಹೋಗಿ ಕೊಟ್ಟೆ.

ಮನೆಗೆ ಬಂದ ಮೇಲೆ ಸವಾದ್ ಪೆಟ್ಟಿಗೆಯ ಹಗ್ಗ ಬಿಚ್ಚಲು ಕೂತರು. ತಾವೇ ಹಾಕಿದ ಗಂಟು ಬಿಚ್ಚಲಾಗದೆ ಗೊಣಗುತ್ತಿದ್ದರು. ಮಣಿಕಟ್ಟಿನ ಗಾಯ ಯಾವಾಗಿನದು ಎಂದು ಕೇಳಿದೆ. ಹೇಳತೊಡಗಿದರು, ದೊಡ್ಡ ಕಥೆ, ಒಂದು ಸೈಕಲ್ಲು, ಒಂದು ನಾಯಿ. ನಡುವೆ ಬಾಪನ ನೆನಪಾಗಿ ಅಡುಗೆಮನೆಗೆ ಬಂದು ಫೋನ್ ಮಾಡಿದೆ.

ನಾಳೆ ಬರುವುದಿಲ್ಲ, ಮೇ ತಿಂಗಳಲ್ಲಿ ಇಬ್ಬರೂ ಬರುತ್ತೇವೆ ಎಂದೆ. ಆ ಕಡೆ ಮನೆಯ ಹಿಂದೆ ರೈಲು ಹೋಗುತ್ತಿತ್ತು. ಅದು ಪೂರ್ತಿ ಹೋಗುವವರೆಗೆ ಇಬ್ಬರೂ ಸುಮ್ಮನಿದ್ದೆವು.

“ಒಳ್ಳೆಯದಾಯಿತು” ಎಂದರು ಬಾಪ. “ನೀನು ಬರುತ್ತಿ ಅಂತ ನಿನ್ನ ಕೋಣೆಗೆ ನಿನ್ನೆ ಬಣ್ಣ ಹೊಡೆಸಿದೆ. ಪರವಾಗಿಲ್ಲ ಮಗಳೇ. ಮೇ ತನಕ ಆ ವಾಸನೆಯಾದರೂ ಹೋಗುತ್ತದೆ.”